ನನ್ನ ನಾಯಿ ಬರುವವರೆಗೆ ಗೆಳತಿಯ ನಾಯಿ

ಇಂಥವು ನನಗೇ ಯಾಕೆ ಆಗುತ್ತವೆ ಎಂದು ಕೇಳಬೇಡಿ. ನಾನು ಸುಮ್ಮನೆ ಕುಳಿತಿದ್ದರೂ ಆಗುತ್ತವೆ; ಪಕ್ಕದಲ್ಲಿ ಮೋತಿ ಇದ್ದರಂತೂ ದಿನಕ್ಕೊಂದು ಗ್ಯಾರಂಟಿ.

ಮೊದಲೇ ಕೆಲವು ಸಂಗತಿ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದರ ತಲೆಬುಡ ತಿಳಿಯುವುದಿಲ್ಲ. ನನಗೆ ಕಣ್ಣು ಕಾಣುವುದಿಲ್ಲ. ಏನೇನೂ ಕಾಣುವುದಿಲ್ಲ. ಸ್ವಲ್ಪ ಕಾಣುತ್ತದೋ ಏನೋ ಎಂದು ಎದುರಿಗೆ ಬೆರಳು ಆಡಿಸಿ ನೋಡುವವರಿರುತ್ತಾರೆ, ಆದ್ದರಿಂದ ಬಿಡಿಸಿ ಹೇಳಿದೆ. ಶಿರಸಿಯಲ್ಲಿ ಅಡಿಕೆ ವ್ಯಾಪಾರದ ಸೊಸೈಟಿಯೊಂದರಲ್ಲಿ ಫೋನ್ ಎತ್ತುವ ಕೆಲಸ ನನ್ನದು. ಮನೆಯಿಂದ ಆಫೀಸು ಹತ್ತಿರವೇ, ಆದರೆ ನಡುವೆ ಒಂದು ಸರ್ಕಲ್ಲು ಇದೆ. ಯಾರ ತೋಳನ್ನೂ ಹಿಡಿಯದೆ, ಯಾರಿಗೂ ಕಾಯದೆ, ಅದನ್ನು ದಾಟಿ ಕೆಲಸಕ್ಕೆ ಹೋಗಬೇಕು ಎಂಬುದು ನನ್ನ ಬಹಳ ದಿನದ ಆಸೆ. ಅದಕ್ಕೇ ದಾರಿ ತೋರಿಸಲು ತರಬೇತಾದ ನಾಯಿಗೆ ಅರ್ಜಿ ಹಾಕಿದ್ದೆ. ತರಬೇತಿ ಕೇಂದ್ರದವರು, "ಸರದಿ ಬರುವಷ್ಟರಲ್ಲಿ ಯಾವುದಾದರೂ ನಾಯಿಯ ಜೊತೆ ಇದ್ದು ರೂಢಿ ಮಾಡಿಕೊಳ್ಳಿ ಮೇಡಂ. ನಮ್ಮ ಅಧಿಕಾರಿ ಬಂದು ನೋಡಿ ಒಪ್ಪಿದರೆ ಮಾತ್ರ ನಿಮಗೆ ನಾಯಿ" ಎಂದರು.

ಅದೇ ಹೊತ್ತಿಗೆ ಸಿದ್ದಾಪುರದ ನನ್ನ ಗೆಳತಿ ಮಗಳ ಬಾಣಂತನಕ್ಕೆ ಹುಬ್ಬಳ್ಳಿಗೆ ಹೊರಟಿದ್ದಳು. ಅವಳ ಮೋತಿಯನ್ನು ನೋಡಿಕೊಳ್ಳುವವರು ಬೇಕಿತ್ತು. ಮೋತಿ ಲ್ಯಾಬ್ರಡಾರ್ ಜಾತಿಯದು. ಗೆಳತಿಯ ಜೊತೆಗಿರುವುದು ಬಿಟ್ಟರೆ ಬೇರೆ ಯಾವ ಕೆಲಸವನ್ನೂ ಕಲಿತದ್ದಲ್ಲ. ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ, ಏಕೆಂದರೆ ಶಿರಸಿಯಲ್ಲಿ ಬೇರೆ ಯಾರೂ ಇಟ್ಟುಕೊಳ್ಳಲಿಲ್ಲ.

೧. ಹೊಸ್ತಿಲು

ಮನೆಯಲ್ಲಿ ನಾನು ಮತ್ತು ಅತ್ತೆ. ನಮ್ಮ ಯಜಮಾನರು ಕಾರವಾರದಲ್ಲಿ ನೌಕರಿ ಮಾಡುತ್ತ ವಾರಕ್ಕೊಮ್ಮೆ ಬರುತ್ತಾರೆ, ಆದ್ದರಿಂದ ಈ ಪ್ರಸಂಗಗಳಲ್ಲಿ ಅವರಿಗೆ ಪಾತ್ರವಿಲ್ಲ. ಅತ್ತೆ ಮಡಿಯವರು. ಮೋತಿ ಬಂದ ದಿನವೇ ಹೇಳಿಬಿಟ್ಟರು: "ನೋಡು ಕೂಸೆ, ನಾಯಿ ಹೊಸ್ತಿಲು ದಾಟಲಾಗ. ಜಗಲಿ ಮೇಲೆ ಬೇಕಾದಾಂಗೆ ಇರಲಿ."

"ಅದಕ್ಕೆ ಹೊಸ್ತಿಲು ಅಂದ್ರೆ ಗೊತ್ತಾಗ್ತಿಲ್ಲೆ ಅತ್ತೆ."

"ಆನು ಹೇಳ್ತೆ," ಎಂದು ಅತ್ತೆ ಅದರ ಎದುರು ನಿಂತು ಹೇಳಿಯೇ ಹೇಳಿದರು.

ಮೋತಿ ಕೇಳಿಸಿಕೊಂಡಿತು. ಹೊಸ್ತಿಲು ದಾಟಲಿಲ್ಲ, ಹೊಸ್ತಿಲ ಮೇಲೆಯೇ ಉದ್ದಕ್ಕೆ ಮಲಗಿತು. ಈ ಮನೆಯ ಕಂಬ, ಕುರ್ಚಿ, ಮೆಟ್ಟಿಲು ಎಲ್ಲ ನನ್ನ ಕಾಲಿಗೆ ಬಾಯಿಪಾಠ. ಮದುವೆಯಾಗಿ ಬಂದಾಗಿನಿಂದ ಒಮ್ಮೆಯೂ ಎಡವಿರಲಿಲ್ಲ. ಕುರುಡರು ಎಡವಬಾರದೆಂದು ನಾಯಿ ಸಾಕುತ್ತಾರೆ. ನಾನು ನಾಯಿಯನ್ನೇ ಎಡವಿ, ಚಹಾದ ಲೋಟಗಳ ಸಮೇತ ಜಗಲಿಗೆ ಬಿದ್ದೆ.

ಅತ್ತೆ ಒಳಗಿನಿಂದ ಓಡಿ ಬಂದರು. "ಅಯ್ಯಯ್ಯೋ, ಪೆಟ್ಟಾತಾ?"

"ಇಲ್ಲೆ ಅತ್ತೆ, ಮೊಣಕಾಲು ಸ್ವಲ್ಪ..."

"ನಿಂಗಲ್ದೇ, ನಾಯಿಗೆ!"

೨. ಸರ್ಕಲ್ಲು

ಮೊದಲೆಲ್ಲ ನಾನು ಸರ್ಕಲ್ಲಿನಲ್ಲಿ ನಿಂತರೆ ಸಾಕು, ಯಾರಾದರೂ "ಬನ್ನಿ ಅಕ್ಕಾ" ಎಂದು ಕೈ ಹಿಡಿದು ದಾಟಿಸುತ್ತಿದ್ದರು. ಒಮ್ಮೆ ಸುಮ್ಮನೆ ಗೆಳತಿಗಾಗಿ ಕಾಯುತ್ತ ನಿಂತಿದ್ದವಳನ್ನೂ ದಾಟಿಸಿಬಿಟ್ಟಿದ್ದರು. ತಿರುಗಿ ಈಚೆ ಬರಲು ಇನ್ನೊಬ್ಬರು ಬೇಕಾಯಿತು.

ಒಂದು ಕೈಯಲ್ಲಿ ಬಿಳಿ ಕೋಲು, ಇನ್ನೊಂದರಲ್ಲಿ ಮೋತಿಯ ಬೆಲ್ಟು ಹಿಡಿದು ಹೋದ ದಿನ ಯಾರೂ ಬರಲಿಲ್ಲ. ನಾಯಿಗೆ ಅರ್ಜಿ ಹಾಕಿದ್ದು ಊರಿಗೆಲ್ಲ ಗೊತ್ತಿತ್ತು. ಬಂದದ್ದು ಆ ನಾಯಿ ಅಲ್ಲ ಎಂಬುದು ಮಾತ್ರ ಗೊತ್ತಿರಲಿಲ್ಲ.

"ಯಾರಾದ್ರೂ ಸ್ವಲ್ಪ ದಾಟಿಸ್ತೀರಾ?" ಎಂದು ನಾನೇ ಕೇಳಿದೆ.

ಹಣ್ಣಿನಂಗಡಿಯಿಂದ ಉತ್ತರ ಬಂತು: "ನಾಯಿ ಇದ್ದಲೀ ಅಕ್ಕಾ, ಅದು ನೋಡ್ಕತ್ತು."

"ಇದು ಅದಲ್ಲ..."

"ಅಡ್ಡ ಹೋಗಡಿ ಯಾರೂ, ಅದು ಡ್ಯೂಟಿಯಲ್ಲಿದ್ದು!"

ಮೋತಿ ನನ್ನನ್ನು ಎಳೆದುಕೊಂಡು ನಡುರಸ್ತೆಗೆ ಹೋಗಿ ಕುಳಿತಿತು. ನಾಲ್ಕೂ ಕಡೆಯಿಂದ ಹಾರ್ನು. ನಾನು ಎಳೆದರೆ ಏಳಲೊಲ್ಲದು. ಹುಬ್ಬಳ್ಳಿ ಕಡೆಯ ಬಸ್ಸಿನ ಡ್ರೈವರ್ ಇರಬೇಕು, ಮೇಲಿನಿಂದ ದನಿ ಕೇಳಿತು: "ಎಂಥಾ ಶಿಸ್ತು ನೋಡ್ರಿ! ಎಲ್ಲಾ ಗಾಡಿ ನಿಲ್ಲೂತನಾ ಏಳೂದಿಲ್ಲದು!" ನನ್ನ ಕೈಯಲ್ಲಿದ್ದ ಬೆಲ್ಟು ಗಡಗಡ ಅಲುಗುತ್ತಿತ್ತು, ಶಿಸ್ತು ಅಲ್ಲ, ಮೋತಿ ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತಿತ್ತು. ಕೆರೆದು ಮುಗಿದ ಮೇಲೆ ಎದ್ದು ಹೊರಟಿತು. ಅಂತೂ ದಾಟಿದೆವು ಎಂದು ಕೋಲು ಮುಂದಿಟ್ಟರೆ ಅದೇ ಹಣ್ಣಿನಂಗಡಿ.

"ಎಂತ ಅಕ್ಕಾ, ಹಣ್ಣು ತಗಳದು ಮರ್ತು ಹೋಗಿತ್ತಾ?" ಎಂದ ಅಂಗಡಿಯವ. "ನೋಡಿ, ಹೆಂಗೆ ನೆನಪು ಮಾಡ್ತು!"

೩. ಆಟೋ

ಹಾಗಾಗಿ ಮತ್ತೆ ಆಟೋ ಹತ್ತಿದೆ. ಪಕ್ಕದ ಗಲ್ಲಿಯ ಆಟೋ ಭಾಯಿ ಮಳೆ ಬಂದ ದಿನಗಳಲ್ಲಿ ನನ್ನನ್ನು ವರ್ಷಗಳಿಂದ ಆಫೀಸಿಗೆ ಬಿಡುವವನು. ಲಾರಿ, ಬಸ್ಸು, ಪೊಲೀಸು ಯಾವುದಕ್ಕೂ ಹೆದರುವವನಲ್ಲ. ನಾಯಿಗೆ ಹೆದರುತ್ತಾನೆ.

"ಅಕ್ಕಾ, ಇದು ಕಚ್ತದಾ?"

"ಇಲ್ಲ ಭಾಯಿ. ಬಿಸ್ಕಿಟ್ಟನ್ನೂ ಕಚ್ಚೂದಿಲ್ಲ, ಹಾಗೇ ನುಂಗ್ತದೆ."

ಈ ಉತ್ತರದಿಂದ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಮೋತಿ ಮುಂದೆ ಬಾಗಿ ಅವನ ಹೆಗಲ ಮೇಲೆ ಗದ್ದ ಇಟ್ಟಿತು. ಆಟೋ ಗಕ್ಕನೆ ನಿಂತಿತು.

"ಯಾಕೆ ನಿಲ್ಲಿಸಿದೆ ಭಾಯಿ?" ಉತ್ತರವಿಲ್ಲ. "ಭಾಯಿ?"

ರಸ್ತೆಯ ಆಚೆ ಬದಿಯಿಂದ ಸಣ್ಣ ದನಿ ಬಂತು: "ಅದಕ್ಕೆ ಹಿಂದೆ ಕೂರಲಿಕ್ಕೆ ಹೇಳಿ ಅಕ್ಕಾ. ಆಮೇಲೆ ನಾನು ಬರ್ತೇನೆ."

ಅಷ್ಟರಲ್ಲಿ ಮೋತಿ ಅವನ ಖಾಲಿ ಸೀಟಿಗೆ ದಾಟಿ ಆರಾಮವಾಗಿ ಕುಳಿತಿತ್ತು. ದಾರಿಯಲ್ಲಿ ಹೋಗುತ್ತಿದ್ದ ಯಾರೋ ನಿಂತು, ಬಹಳ ಗೌರವದಿಂದ ಹೇಳಿದರು: "ಅಬ್ಬಾ! ಈಗ ಆಟೋನೂ ಇದೇ ಓಡಸ್ತಾ?"

೪. ದರ

ಆಫೀಸಿನಲ್ಲಿ ಮೋತಿ ನನ್ನ ಮೇಜಿನ ಕೆಳಗೆ ಮಲಗುತ್ತಿತ್ತು. ಇಲ್ಲಿ ನನ್ನ ಕೆಲಸದ ಬಗ್ಗೆ ಸ್ವಲ್ಪ ವಿವರಿಸಬೇಕು. ಬೆಳೆಗಾರರು ಫೋನ್ ಮಾಡುತ್ತಾರೆ, ನಾನು ಅಡಿಕೆಯ ಅಂದಿನ ದರ ಹೇಳುತ್ತೇನೆ. ಆದರೆ ಅವರು ನಾನು ಹೇಳಿದ ಅಂಕಿಯನ್ನು ನಂಬುವುದಿಲ್ಲ, ಹೇಳಿದ ದನಿಯನ್ನು ನಂಬುತ್ತಾರೆ. ನನಗೆ ನೆಗಡಿಯಾದರೂ ದರಕ್ಕೆ ಏನೋ ಆಗಿದೆ ಎಂದೇ ಲೆಕ್ಕ.

ವಜ್ರಳ್ಳಿಯಿಂದ ಒಬ್ಬರು ಫೋನ್ ಮಾಡಿದರು. "ತಂಗೀ, ಇಂದು ದರ ಎಂತ ಆಜು?"

"ನಿನ್ನೆಯಷ್ಟೇ ಇದ್ದು," ಎಂದೆ.

ಸರಿಯಾಗಿ ಆಗಲೇ ಮೋತಿ ಕೆಳಗಿನಿಂದ ಒಂದು ದೀರ್ಘ ನಿಟ್ಟುಸಿರು ಬಿಟ್ಟಿತು.

"ತಂಗೀ... ಅದು ಯಾರು?"

"ನಾಯಿ."

"ಎಂತ ನಾಯಿ! ಮ್ಯಾನೇಜರ್ರು ಅಲ್ದಾ? ಇಳೀತು ಅಲ್ದಾ? ಹೇಳು, ಆನು ಯಾರಿಗೂ ಹೇಳ್ತ್ನಿಲ್ಲೆ."

ಯಾರಿಗೂ ಹೇಳದವರು ಎಲ್ಲರಿಗೂ ಹೇಳಿದರು. ಊಟದ ಹೊತ್ತಿಗೆ ಯಲ್ಲಾಪುರದಿಂದ, ಸಿದ್ದಾಪುರದಿಂದ ಒಂದೇ ಸಮನೆ ಫೋನು: "ಸೊಸೈಟಿಯಲ್ಲಿ ನಿಟ್ಟುಸಿರು ಬಿಡ್ತಾ ಇದ್ವಡ, ಹೌದಾ?" ಸಂಜೆಯೊಳಗೆ ಅಂಗಳದ ತುಂಬ ಗಾಡಿಗಳು, ಇಳಿಯುವ ಮೊದಲೇ ಮಾರಿಬಿಡಬೇಕೆಂದು ಜನ ಚೀಲ ಹೇರಿಕೊಂಡು ಬಂದಿದ್ದರು.

ಮ್ಯಾನೇಜರು ನನ್ನ ಬಳಿ ಬಂದು, "ದರ ಇಳಿಯುತ್ತದೆ ಅಂತ ಹೇಳಿದವರು ಯಾರು?" ಎಂದು ಗುಡುಗಿದರು. ನಾನು ಮೇಜಿನ ಕೆಳಗೆ ಬೆರಳು ತೋರಿಸಿ ನಡೆದದ್ದೆಲ್ಲ ವಿವರಿಸಿದೆ. ಅವರು ಬಗ್ಗಿ ನೋಡಿದರು. ಕುರ್ಚಿ ಎಳೆದುಕೊಂಡು ಕುಳಿತರು. ಆಮೇಲೆ ಮೆಲ್ಲಗೆ ಕೇಳಿದರು:

"ನಾಳೆ ಏನಂತೆ?"

೫. ಅಧಿಕಾರಿ

ಕೊನೆಗೆ ತರಬೇತಿ ಕೇಂದ್ರದ ಅಧಿಕಾರಿ ಬರುವ ದಿನ ಬಂತು. ನನಗೆ ಹಿಂದಿನ ದಿನದಿಂದಲೇ ಒಂದೇ ಚಿಂತೆ. ಮೋತಿಯ ಕಾಟ ನೋಡಿ, "ನಿಮಗೆ ನಾಯಿ ನಿಭಾಯಿಸಲು ಬರುವುದಿಲ್ಲ" ಎಂದರೆ ನನ್ನ ಸರ್ಕಲ್ಲು ಅಲ್ಲಿಗೇ ಮುಗಿಯಿತು. ಹಾಗೆಂದು ಅತ್ತೆಯ ಹತ್ತಿರವೂ ಭಾಯಿಯ ಹತ್ತಿರವೂ ಹೇಳಿಕೊಂಡೆ. ಅದೇ ತಪ್ಪಾದದ್ದು.

ಅಧಿಕಾರಿ ಜಗಲಿಯಲ್ಲಿ ಕೂರುವುದೇ ತಡ, ಅತ್ತೆ ಶುರು ಮಾಡಿದರು: "ಬಂಗಾರದಂಥ ನಾಯಿ ಮಾರಾಯ್ರೆ! ಕೂಸಿನ ಕೈ ಹಿಡಿದು ನಡೆಸ್ತು."

ಭಾಯಿ ಗೇಟಿನ ಹೊರಗಿನಿಂದಲೇ ದನಿಗೂಡಿಸಿದ: "ಫಸ್ಟ್ ಕ್ಲಾಸ್ ನಾಯಿ ಸಾಬ್! ಇಡೀ ಸರ್ಕಲ್ಲು ನಿಲ್ಲಿಸ್ತದೆ!"

ಅಧಿಕಾರಿ ನನ್ನ ಕಡೆ ತಿರುಗಿದರು. "ಇಷ್ಟು ಒಳ್ಳೆಯ ನಾಯಿ ಇರುವಾಗ ಇನ್ನೊಂದು ಯಾಕೆ ಮೇಡಂ? ನಿಮ್ಮ ಪಾಲಿನದನ್ನು ಬೇರೆಯವರಿಗೆ ಕೊಡಬಹುದಲ್ಲ?"

"ಸರ್, ಇದು ಗೆಳತಿಯದು, ಇದಕ್ಕೆ ಏನೂ ಬರುವುದಿಲ್ಲ" ಎಂದೆ. ಅವರು ನಂಬಲಿಲ್ಲ, ನಾಯಿ ಬೇಕೆಂದು ಸುಳ್ಳು ಹೇಳುತ್ತಿದ್ದೇನೆ ಅಂದುಕೊಂಡರು. ನಾನು ಮೋತಿಯ ಕಿವಿಯಲ್ಲಿ "ಏನಾದರೂ ಹಾಳು ಮಾಡು ಮಾರಾಯಾ" ಎಂದು ಬೇಡಿಕೊಂಡೆ. ಅದು ಮುಂಗಾಲು ಎತ್ತಿ ಅಧಿಕಾರಿಗೆ ಶೇಕ್‌ಹ್ಯಾಂಡ್ ಕೊಟ್ಟಿತು.

"ಪರೀಕ್ಷೆ ಮಾಡಿಯೇ ನೋಡುತ್ತೇನೆ," ಎಂದರು ಅವರು. ಅವರ ಪದ್ಧತಿ ಹೀಗೆ: ತಾವೇ ಕಣ್ಣಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ನಾಯಿಯ ಜೊತೆ ನಡೆಯುತ್ತಾರೆ, ಅಪಾಯವಾಗದಂತೆ ಒಬ್ಬರು ಹಿಂದೆಯೇ ಇರಬೇಕು. ಹಿಂದೆ ಇರಲು ಭಾಯಿಯನ್ನು ಕಳಿಸಿದೆವು. ಅವನು ಹಿಂದೆಯೇ ಇದ್ದ, ಆದರೆ ಎರಡು ಅಂಗಡಿಯಷ್ಟು ಹಿಂದೆ.

ಸ್ವಲ್ಪ ಹೊತ್ತಿಗೆ ಅವನ ಫೋನು ಬಂತು. "ಅಕ್ಕಾ, ಸಾಹೇಬ್ರು ಕಲ್ಯಾಣ ಮಂಟಪದ ಒಳಗೆ ಹೋದ್ರು. ಮದುವೆ ಉಂಟು. ಅಡಿಗೆ ವಾಸನೆ ಬಂತು ನೋಡಿ, ನಾಯಿ ಸೀದಾ ಒಳಗೆ."

"ನಿಲ್ಲಿಸು ಭಾಯಿ!"

"ಹೆಂಗೆ ನಿಲ್ಲಿಸೂದು? ಪಕ್ಕದಲ್ಲಿ ಅದು ಉಂಟಲ್ಲ."

"ಈಗ ಏನಾಗ್ತಾ ಇದೆ?"

"ಇಬ್ಬರು ಬಂದು ಕೈ ಹಿಡಿದ್ರು. ಪಂಕ್ತಿಯಲ್ಲಿ ಕೂರಿಸಿದ್ರು. ಕಣ್ಣಿನ ಪೊರೆ ಆಪರೇಶನ್ ಆದವರು, ಪಾಪ, ಅಂತ ಮಾತಾಡ್ತಿದಾರೆ."

"ಬಟ್ಟೆ ಬಿಚ್ಚಲಿಕ್ಕೆ ಹೇಳು!"

"ಬಿಚ್ಚಲಿಕ್ಕೆ ಹೋದ್ರು ಅಕ್ಕಾ. ಪಕ್ಕದಲ್ಲಿದ್ದ ಅಜ್ಜಿ ಕೈ ಮೇಲೆ ಹೊಡೆದ್ರು, ಡಾಕ್ಟರು ಹೇಳೂತನಕ ಮುಟ್ಟಬಾರದು ಅಂತ. ಈಗ ಅವರೇ ಇನ್ನೊಂದು ಗಂಟು ಬಿಗಿದ್ರು."

"ಅವರು ಏನೂ ಹೇಳ್ತಾ ಇಲ್ಲವಾ?"

"ಬಾಯಲ್ಲಿ ಹೋಳಿಗೆ ಉಂಟು. ಬೇಡ ಅಂತ ಕೈ ಆಡಿಸಿದ್ರು, ಕಣ್ಣು ಕಾಣದವರು ಸಂಕೋಚ ಮಾಡ್ಕೊಳ್ತಾರೆ ಅಂತ ಇನ್ನೆರಡು ಹಾಕಿದ್ರು."

"ಮೋತಿ?"

"ಅದು ಡ್ಯೂಟಿ ನಾಯಿ ಅಂತ ಅದಕ್ಕೂ ಒಂದು ಎಲೆ."

"ನೀನು ಎಲ್ಲಿದ್ದೀ?"

"ಆಚೆ ಸಾಲಿನಲ್ಲಿ ಅಕ್ಕಾ. ಅವರು ಬಿಡಲಿಲ್ಲ."

ಬಹಳ ಹೊತ್ತಿನ ಮೇಲೆ ಆಟೋ ಬಂತು. ಅಜ್ಜಿ ಹಾಕಿದ ಗಂಟು ಯಾರಿಗೂ ಬಿಚ್ಚಲಾಗದೆ ಅಧಿಕಾರಿ ಬಟ್ಟೆ ಕಟ್ಟಿಕೊಂಡೇ ಬಂದಿದ್ದರು. ನಾನೇ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿ, ಕೂರಿಸಿ, ಗಂಟು ಬಿಚ್ಚಿದೆ. ಅಡಿಕೆ ಚೀಲದ ದಾರ ಬಿಚ್ಚಿ ಅಭ್ಯಾಸವಿದ್ದದ್ದು ಉಪಯೋಗಕ್ಕೆ ಬಂತು.

ಅವರು ಏದುಸಿರು ಬಿಡುತ್ತ ಕುಳಿತರು. "ಒಬ್ಬರೂ ನನ್ನ ಮಾತು ಕೇಳಲಿಲ್ಲ ಮೇಡಂ," ಎಂದರು. "ಎಲ್ಲಿಗೆ ಹೋಗಬೇಕು ಅಂತ ಒಬ್ಬರೂ ಕೇಳಲಿಲ್ಲ. ಎಲ್ಲರೂ ಒಳ್ಳೆಯವರೇ."

"ಹೌದು ಸರ್," ಎಂದೆ. "ದಿನಾ ಹೀಗೇ."

ಅವರು ಏನೋ ಹೇಳಲು ಬಾಯಿ ತೆರೆದಿರಬೇಕು. ಅಷ್ಟರಲ್ಲಿ ಒಳಗಿನಿಂದ ಅತ್ತೆ ಕರೆದರು: "ಊಟಕ್ಕೆ ಏಳಿ, ಎಲೆ ಹಾಕಾತು! ಸಂಕೋಚ ಮಾಡ್ಕಳಡಿ!"

ಕುರ್ಚಿ ಹಿಂದಕ್ಕೆ ಸರಿದ ಸದ್ದು. ಮೆಟ್ಟಿಲ ಮೇಲೆ ಬೂಟುಗಾಲು ದಡದಡ ಇಳಿದ ಸದ್ದು. ಆಮೇಲೆ ಗೇಟಿನ ಆಚೆಯಿಂದ ಅವರ ಕೂಗು:

"ನಿಮಗೆ ನಾಯಿ ಮಂಜೂರು ಮೇಡಂ! ಊಟ ಮಾತ್ರ ಬೇಡ!"