ಬೆಟ್ಟದ ಗಾಳಿಗೆ ನೋಟಿಸು

ನಗರದ ಗಾಳಿ ನಿಷ್ಕಳಂಕವೆಂಬುದು ಸೋಮವಾರ ಬೆಳಿಗ್ಗೆ, ವಾಯು ಇಲಾಖೆಯ ಮಹಡಿಯ ಮೇಲೆ, ನಿರ್ದೇಶಕರ ಸಮಕ್ಷಮ ಸಿದ್ಧವಾಯಿತು.

ಆ ಹೊತ್ತಿಗೆ ಇಲಾಖೆಯ ವಿಜ್ಞಾನಿ ಯಂತ್ರದ ಸೊನ್ನೆ ತಾಳೆ ನೋಡುತ್ತಿದ್ದ. ಗಾಳಿಯ ಹೊಲಸು ಅಳೆಯುವ ಯಂತ್ರಕ್ಕೆ ಆಗಾಗ ಸಿಲಿಂಡರಿನ ಅಪ್ಪಟ ಗಾಳಿ ಕುಡಿಸಿ, ಸೊನ್ನೆಯೆಂದರೆ ಇದು ಎಂದು ಕಲಿಸಬೇಕು. ಯೌವನವನ್ನೆಲ್ಲ ಅವನು ಆ ಯಂತ್ರದ ಪಕ್ಕದಲ್ಲೇ ಸವೆಸಿದ್ದ. ಈಗ ಅವನಿಗೆ ಬೇಕಿದ್ದುದು ಇಷ್ಟೇ: ಹೊಲಸು ಮಿತಿ ಮೀರಿದೆಯೆಂದು ಇಲಾಖೆ ಒಪ್ಪಬೇಕು, ಮನೆಯ ಹಿಂದಿನ ಚಿಮಣಿ ನಿಲ್ಲಬೇಕು, ಮಗಳು ಕೆಮ್ಮದೆ ಮಲಗಬೇಕು.

ನಿರ್ದೇಶಕರು ಬಗ್ಗಿ ನೋಡಿದರು.

"ಸೊನ್ನೆ! ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಇದನ್ನ?"

"ಸಾರ್, ಇದು ಸಿಲಿಂಡರ್ ಗಾಳಿ."

"ಸಿಲಿಂಡರ್ ಎಲ್ಲಿದೆ?"

"ಇಲ್ಲೇ, ಮಹಡಿ ಮೇಲೆ."

"ಮಹಡಿ ಎಲ್ಲಿದೆ?"

"ಊರಲ್ಲಿ, ಸಾರ್."

"ಮತ್ತೆ? ಊರಿನ ಗಾಳಿನೇ ಆಯ್ತಲ್ಲ."

ಮಧ್ಯಾಹ್ನ ಪ್ರಕಟಣೆ ಹೊರಬಿತ್ತು: "ಯಂತ್ರವು ಇನ್ನು ಮುಂದೆ ಸಿಲಿಂಡರಿನಿಂದಲೇ ಉಸಿರಾಡತಕ್ಕದ್ದು. ಹೊರಗಿನ ಗಾಳಿಯು ಯಂತ್ರದ ಆರೋಗ್ಯಕ್ಕೆ ಹಾನಿಕರ."

ಸಿಲಿಂಡರು ಖಾಲಿಯಾಯಿತು. ಹೊಸದು ಬೇಕೆಂದಾಗ ಉಗ್ರಾಣದ ಗುಮಾಸ್ತ ಕನ್ನಡಕ ಮೇಲೇರಿಸಿ ನಕ್ಕ. "ಏನ್ ಸ್ವಾಮಿ, ಗಾಳೀನೂ ಕೊಂಡು ತರ್ಬೇಕಾ? ಜೀಪಿನ ಟೈರಿಗೆ ಹೊಡೆಯೋ ಪಂಪ್ ಕೆಳಗೇ ಇದೆಯಲ್ಲ."

ಹಾಗೆ ಅಂಗಳದ ಗಾಳಿ, ಹೊಗೆ ಸಮೇತ, ಸಿಲಿಂಡರಿಗೆ ಇಳಿಯಿತು. ಅದನ್ನೇ ಸೊನ್ನೆಯೆಂದು ಕಲಿಸಲು ಆಜ್ಞೆಯಾಯಿತು. ಯಂತ್ರ ವಿಧೇಯ; ಕಲಿಯಿತು.

"ಈಗ ಹೊರಗಿನ ಗಾಳಿ ಬಿಡಿ" ಎಂದರು ನಿರ್ದೇಶಕರು, ಎದೆಯುಬ್ಬಿಸಿ. ಸೊನ್ನೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಕೆಮ್ಮು ಬಂದವರು ಕೆಮ್ಮಿ ಮುಗಿಸಿ ತಟ್ಟಿದರು.

"ಇವಳನ್ನ ಬೆಟ್ಟದ ಮೇಲೆ ನನ್ನ ತಂಗಿ ಮನೆಗಾದ್ರೂ ಬಿಟ್ಟು ಬರೋಣ" ಎಂದಳು ವಿಜ್ಞಾನಿಯ ಹೆಂಡತಿ ಆ ರಾತ್ರಿ, ಕೆಮ್ಮುತ್ತಿದ್ದ ಮಗಳ ಬೆನ್ನು ನೀವುತ್ತ. ಮರುದಿನ ವಿಜ್ಞಾನಿ ರಜೆ ಕೇಳಿದ. ನಿರ್ದೇಶಕರು ಗಾಬರಿಯಾದರು.

"ಬೆಟ್ಟಕ್ಕಾ? ಅಲ್ಲಿನ ಗಾಳಿ ಹೇಗಿದೆಯೋ ಏನೋ. ಮೊದಲು ಅಳೆದು ಬನ್ನಿ."

ಯಂತ್ರ ಹೊತ್ತು ಹೋಗಿ ಅಳೆದ. ಸೊನ್ನೆಯಿಂದ ಬಹಳ ಕೆಳಗೆ, ಮೈನಸ್.

"ನೋಡಿದ್ರಾ? ಕೊರತೆ! ಮಗೂನ ಅಂಥಲ್ಲಿ ಬಿಡ್ತಾರೇನ್ರೀ?" ಎಂದರು ನಿರ್ದೇಶಕರು.

ರಜೆ ನಾಮಂಜೂರಾಯಿತು. ಬೆಟ್ಟದ ಮರಗಳಿಗೆ ನೋಟಿಸು ಅಂಟಿಸಲಾಯಿತು: "ನಗರದ ಗುಣಮಟ್ಟ ತಲುಪಲು ವಿಫಲವಾದ ಬಗ್ಗೆ ಸಮಜಾಯಿಷಿ ನೀಡತಕ್ಕದ್ದು." ಮರಗಳು ಉತ್ತರಿಸಲಿಲ್ಲ, ತಪ್ಪೊಪ್ಪಿಕೊಂಡಂತೆ ಭಾವಿಸಲಾಯಿತು.

ಭಾನುವಾರ ನಾದಿನಿ ಇಬ್ಬರು ಮಕ್ಕಳು, ಒಂದು ಪೆಟ್ಟಿಗೆಯೊಂದಿಗೆ ಬಾಗಿಲಲ್ಲಿ ನಿಂತಿದ್ದಳು.

"ಭಾವ, ನಮ್ಮಲ್ಲಿ ಗಾಳಿ ಮೈನಸ್ ಅಂತೆ. ಇವು ಇಲ್ಲೇ ಇದ್ದು ಓದ್ಕೊಳ್ಲಿ."

"ಯಾರು ಹೇಳಿದ್ದು ನಿಂಗೆ?"

"ನೀವೇ ಅಲ್ವಾ ಅಳೆದಿದ್ದು?"

ವಿಜ್ಞಾನಿ ಬಾಯಿ ತೆರೆದ. ಹೇಳಬೇಕಾದ್ದು ಬಹಳವಿತ್ತು; ಕೆಮ್ಮು ಬಂತು. ಒಳಗೆ ಮಗಳು ಕೆಮ್ಮಿದಳು. ಸ್ವಲ್ಪ ಹೊತ್ತಿಗೆ ಬಂದ ಮಕ್ಕಳೂ ಕೆಮ್ಮಿದವು.

"ಆಗ್ಲೇ ಒಗ್ಗಿಬಿಟ್ವು ನೋಡಿ" ಎಂದಳು ನಾದಿನಿ, ಸಮಾಧಾನದಿಂದ ಚಪ್ಪಲಿ ಬಿಡುತ್ತ.