ತರಬೇತಿಗೂ ತಕ್ಕವಳಲ್ಲದ ವಕೀಲೆಯ ಮನವಿ

ಮಾನ್ಯರೇ,

ತರಬೇತಿ ವಕೀಲರನ್ನು ಆರಿಸುವ ಘನ ಸಮಿತಿಯ ಅಧ್ಯಕ್ಷರಾದ ತಮಗೂ, ನನ್ನ ಅರ್ಜಿಯನ್ನು ಓದದೆಯೇ ಅರ್ಥಮಾಡಿಕೊಂಡ ತಮ್ಮ ವಕೀಲಿ ಕಚೇರಿಯ ಸಕಲ ಸಿಬ್ಬಂದಿಗೂ, ಹೊರಗಿನ ಕೋಣೆಯಲ್ಲಿ ನನ್ನ ಜೊತೆ ಅರ್ಧ ದಿನ ಕಾದ ಆ ಪ್ಲಾಸ್ಟಿಕ್ ಗಿಡಕ್ಕೂ ಸಾಷ್ಟಾಂಗ ನಮಸ್ಕಾರಗಳು.

ನಮ್ಮ ದೇಶದಲ್ಲಿ ಹದಿನಾರು ವರ್ಷ ಕರಿಕೋಟು ಸವೆಸಿದವಳು ನಾನು. ಗಂಡನ ಕೆಲಸದ ಬೆನ್ನು ಹತ್ತಿ ಇಲ್ಲಿಗೆ ಬಂದು, ಇಲ್ಲಿನ ಕಾನೂನು ಪರೀಕ್ಷೆಗಳನ್ನೆಲ್ಲ ಮತ್ತೆ ಬರೆದು ಪಾಸಾಗಿದ್ದೇನೆ. ಇನ್ನು ಯಾರಾದರೂ ವಕೀಲರ ಕೈಕೆಳಗೆ ತರಬೇತಿ ಮುಗಿಸಿದರೆ ವಕೀಲಿಕೆಯ ಸನ್ನದು. ವರ್ಷಾಂತ್ಯದೊಳಗೆ ಯಾರೂ ಸೇರಿಸಿಕೊಳ್ಳದಿದ್ದರೆ ಪಾಸಾದ ಪರೀಕ್ಷೆಗಳೂ ರದ್ದು. ವಾದ ಮಾಡುವುದಕ್ಕೆ ನಿನಗೂ ತರಬೇತಿ ಬೇಕಂತಾ ಎಂದು ನಮ್ಮ ಅತ್ತೆಯವರು ಮೂಗಿನ ಮೇಲೆ ಬೆರಳಿಟ್ಟಿದ್ದಾರೆ.

ಅರ್ಜಿಯಲ್ಲಿ ತಾವು ನನ್ನ ದೌರ್ಬಲ್ಯಗಳನ್ನು ಕೇಳಿದ್ದಿರಿ. ಕೋರ್ಟಿನಲ್ಲಿ ಪಳಗಿದ ಕೈ ನೋಡಿ, ಎದುರಿನವರು ಏನೇ ಹೇಳಲಿ, ಮೊದಲು ಇಲ್ಲವೆಂದು ಬರೆಯುವುದೇ ಅಭ್ಯಾಸ. ದೌರ್ಬಲ್ಯಗಳಿವೆಯೆಂಬ ಆರೋಪವನ್ನು ಅರ್ಜಿದಾರಳು ಸಾರಾಸಗಟಾಗಿ ನಿರಾಕರಿಸುತ್ತಾಳೆ, ಇವೆಯೆನ್ನುವವರೇ ರುಜುವಾತುಪಡಿಸತಕ್ಕದ್ದು ಎಂದು ಬರೆದುಬಿಟ್ಟೆ. ಸಹೋದ್ಯೋಗಿಗಳೊಂದಿಗೆ ಭಿನ್ನಾಭಿಪ್ರಾಯ ಬಂದ ಸಂದರ್ಭ ವಿವರಿಸಿ ಎಂದಲ್ಲಿ, ಅಂಥ ಘಟನೆ ನಡೆದೇ ಇಲ್ಲ, ನಡೆದಿದ್ದರೂ ಅರ್ಜಿದಾರಳು ಸ್ಥಳದಲ್ಲಿರಲಿಲ್ಲ ಎಂದೆ. ಸಂದರ್ಶನದಲ್ಲಿ ತಮ್ಮ ಸಿಬ್ಬಂದಿ ವಿಭಾಗದ ಮೇಡಂ ಅದನ್ನು ಗಟ್ಟಿಯಾಗಿ ಓದಿ, ನಗು ತಡೆಯಲಾಗದೆ ನೀರು ಕುಡಿದರು. ನನಗೆ ನಾಚಿಕೆಯಾಯಿತು, ಅದನ್ನು ಮಾತ್ರ ನಿರಾಕರಿಸುವುದಿಲ್ಲ.

ಆಮೇಲೆ ತಮ್ಮ ಉತ್ತರ ಬಂತು. ಇಲ್ಲಿನ ಅನುಭವ ಏನೇನೂ ಸಾಲದು, ಅಲ್ಲದೆ ತರಬೇತಿಗೆ ಬರುವವರಿಗೆ ಇರಬೇಕಾದ್ದಕ್ಕಿಂತ ಅನುಭವ ಜಾಸ್ತಿಯಾಯಿತು ಎಂದು ಒಂದೇ ಉಸಿರಿನಲ್ಲಿ ಅಪ್ಪಣೆ ಕೊಡಿಸಿದ್ದೀರಿ. ಎರಡೂ ಕಡೆಯ ವಾದವನ್ನು ಒಟ್ಟಿಗೇ ಎತ್ತಿಹಿಡಿಯುವ ಇಂಥ ನ್ಯಾಯಬುದ್ಧಿಯನ್ನು ನಾನು ಯಾವ ನ್ಯಾಯಾಧೀಶರಲ್ಲೂ ಕಂಡಿರಲಿಲ್ಲ.

ಆದ್ದರಿಂದ ಕೈಮುಗಿದು ಕೇಳಿಕೊಳ್ಳುವುದೇನೆಂದರೆ, ನನ್ನ ತಲೆಯೊಳಗಿನ ಹೆಚ್ಚುವರಿ ಅನುಭವವನ್ನು ಕೊಯ್ದು ತೆಗೆಯುವ ಒಬ್ಬ ಒಳ್ಳೆಯ ಡಾಕ್ಟರನ್ನು ತಾವೇ ಗೊತ್ತುಮಾಡಿಕೊಡಬೇಕು, ಇಲ್ಲವೇ ತಮ್ಮ ಕಚೇರಿಯ ಹಿಂದಿನ ಬೀದಿಯಲ್ಲಿ ನಾನು ಮರುಹುಟ್ಟು ಪಡೆದು, ಶಾಲೆ ಕಾಲೇಜು ಮುಗಿಸಿ, ವರ್ಷಾಂತ್ಯದೊಳಗೆ ಹಾಜರಾಗಲು ಅನುಮತಿ ನೀಡಬೇಕು. ಅದೂ ಆಗದಿದ್ದರೆ ಜೆರಾಕ್ಸ್ ಯಂತ್ರದ ಪಕ್ಕ ಒಂದು ಸ್ಟೂಲು ಹಾಕಿಸಿಕೊಡಿ, ಪುಟ ತಿರುವಿಕೊಂಡಿರುತ್ತೇನೆ. ತಮಾಷೆ ಅತ್ತ ಇರಲಿ, ಕೋರ್ಟಿನಲ್ಲಿ ಎದ್ದು ನಿಂತು ಮಾತಾಡದೆ ಇರುವುದು ನನ್ನ ಕೈಲಿ ಆಗುತ್ತಿಲ್ಲ, ತುಂಬ ಸಂಕಟವಾಗುತ್ತದೆ.

ಇಂತು ತಮ್ಮ ವಿಶ್ವಾಸಿ, ಆ ವಿಶ್ವಾಸಕ್ಕೂ ತಾವು ಸ್ಥಳೀಯ ಸಾಕ್ಷಿ ಕೇಳದಿದ್ದರೆ,

ಸದ್ಯಕ್ಕೆ ಯಾರ ವಕೀಲೆಯೂ ಅಲ್ಲದವಳು

ತಾ.ಕ.: ನಮ್ಮನ್ನು ಬಾಡಿಗೆ ಮನೆಯಿಂದ ಎಬ್ಬಿಸಲು ಮಾಲೀಕರು ಹೂಡಿರುವ ದಾವೆಯಲ್ಲಿ ಅವರ ಪರ ವಕೀಲರು ತಮ್ಮ ಕಚೇರಿಯವರೇ ಎಂದು ನಿನ್ನೆ ಬಂದ ಸಮನ್ಸಿನಿಂದ ತಿಳಿದು ಬಹಳ ಸಂತೋಷವಾಯಿತು. ಕರಾರುಪತ್ರ ನನ್ನ ಹೆಸರಿನಲ್ಲಿದೆ, ತನ್ನ ಕೇಸು ತಾನೇ ವಾದಿಸುವವರಿಗೆ ಇಲ್ಲಿ ಸನ್ನದು ಬೇಕಿಲ್ಲ. ದಯವಿಟ್ಟು ದೊಡ್ಡ ವಕೀಲರನ್ನೇ ಕಳಿಸಿ. ತರಬೇತಿಗೆ ಬಂದವರನ್ನು ಕಳಿಸಬೇಡಿ, ಪಾಪ.