ಕಾಕಾ ಮತ್ತು ಸೆಟೆದು ಕೂತ ಕಂಪ್ಯೂಟರು

ನಮ್ಮ ಕಾಕಾನಷ್ಟು ನಿಧಾನದ ಮನುಷ್ಯ ಇಡೀ ಇಳಕಲ್ಲಿನಲ್ಲಿ ಹುಟ್ಟಿಲ್ಲ. ಇನ್ನೊಬ್ಬ ಹುಟ್ಟುವುದಾದರೆ ಅವನಿಗೆ ಒಂಬತ್ತು ತಿಂಗಳು ಸಾಲಲಿಕ್ಕಿಲ್ಲ! ಒಮ್ಮೆ ಅಮೀನಗಡದಲ್ಲಿ ಬಸ್ಸು ನಿಂತಾಗ ಕರದಂಟು ತಿನ್ನಲು ಇಳಿದ. ಮೊದಲ ತುಂಡು ಅಗಿದು ಮುಗಿಸುವಷ್ಟರಲ್ಲಿ ಬಸ್ಸು ಹುನಗುಂದ ದಾಟಿತ್ತು. ಅವನ ಜೊತೆಗೇ ಇಳಿದಿದ್ದ ನಾನು ತಲೆ ಚಚ್ಚಿಕೊಂಡರೆ ಅವನು, "ಬಸ್ ಹೋದ್ರ ಹೋಗ್ಲಿ ಬಿಡೋ, ರಸ್ತಾ ಇಲ್ಲೇ ಐತಲ್ಲ!" ಎಂದ.

ಇಂಥವನ ಅಣ್ಣನ ಮಗ ನಾನು, ಚಹಾ ಕುದಿಯುವ ಮೊದಲೇ ಸೋಸುವವನು. ಎಂಬತ್ತರ ದಶಕದ ಕೊನೆಗೆ ನಮ್ಮೂರ ನೇಕಾರರ ಸಂಘಕ್ಕೆ ಕಂಪ್ಯೂಟರ್ ಬಂತು. ಹುಬ್ಬಳ್ಳಿಯಲ್ಲಿ ಮೂರು ತಿಂಗಳು ಕ್ಲಾಸಿಗೆ ಹೋಗಿದ್ದ ನಾನೇ ಪಂಡಿತ! ನನ್ನ ಪಾಂಡಿತ್ಯವೆಲ್ಲ ಒಂದೇ ಮಾತಿನಲ್ಲಿತ್ತು: ಯಂತ್ರ ಸೆಟೆದು ಕೂತರೆ ಸ್ವಿಚ್ ಆರಿಸು, ಮತ್ತೆ ಹಾಕು.

ಕಾಕಾ ಹಳೆಯ ನೇಕಾರ; ಸೀರೆ ಸೆರಗಿನ ಹಳೆಯ ನಮೂನೆಗಳೆಲ್ಲ ಅವನ ತಲೆಯಲ್ಲಷ್ಟೇ ಇದ್ದವು. ಅವನು ಎಳೆ ಎಣಿಸಿ ಹೇಳಬೇಕು, ನಾನು ಯಂತ್ರಕ್ಕೆ ತುಂಬಬೇಕು. ಇಡೀ ದಿನ ತುಂಬಿ, ಪ್ರಿಂಟ್ ತೆಗೆಯಲು ಹೋದೆ. ಪರದೆ ಕಲ್ಲಾಯಿತು. ಯಾವ ಗುಂಡಿ ಒತ್ತಿದರೂ ಹೂಂ ಇಲ್ಲ, ಹಾಂ ಇಲ್ಲ. ಸ್ವಿಚ್ ಆರಿಸಿದೆ. ದಿನದ ಕೆಲಸವೆಲ್ಲ ಸ್ವಾಹಾ! ಮರುದಿನವೂ ಅದೇ ಕಥೆ. ಸಂಘದ ಅಧ್ಯಕ್ಷರು ಬಾಗಿಲಲ್ಲಿ ನಿಂತು, "ನಾಳಿನೂ ಹಿಂಗ ಆದ್ರ ಡಬ್ಬಿನೂ ಹೊರಗ, ನೀನೂ ಹೊರಗ!" ಎಂದು ಹೇಳಿ ಹೋದರು.

ಮೂರನೆಯ ದಿನ ಕಾಕಾ ಬೇಸರವಿಲ್ಲದೆ ಮತ್ತೆ ಮೊದಲ ಎಳೆಯಿಂದ ಶುರು ಮಾಡಿದ. ಸಂಜೆ ಯಂತ್ರ ಮತ್ತೆ ಸೆಟೆಯಿತು. ಸಿಟ್ಟಿಗೆ ಹತ್ತು ಗುಂಡಿ ಗುದ್ದಿ ಸ್ವಿಚ್ಚಿಗೆ ಕೈ ಹಾಕಿದೆ. ಕಾಕಾ ನನ್ನ ಮಣಿಕಟ್ಟು ಹಿಡಿದ.

"ಮಗ್ಗ ನಿಂತ್ರ ನೂಲೆಲ್ಲಾ ಕಡದ ಒಗಿತಾರೇನ್ಲೇ? ಎಲ್ಲೋ ಒಂದ ಎಳಿ ಸಿಕ್ಕೊಂಡಿರತೈತಿ. ತಡಿ, ನೋಡೂಣು."

ಸಂತೆಯಲ್ಲಿ ಎತ್ತು ನೋಡುವವನ ಹಾಗೆ ಯಂತ್ರವನ್ನು ಸುತ್ತಿದ. ಪ್ರಿಂಟರಿನ ಹೊಟ್ಟೆಗೆ ಇಣುಕಿ ನಕ್ಕ. "ಕಾಗದನ ಇಲ್ಲಲ್ಲೋ ಇದರಾಗ! ಪಾಪ, ಕಾಗದದ ದಾರಿ ಕಾಯ್ಕೋತ ಕುಂತೈತಿ!"

ಪಂಡಿತರು ಮೂರೂ ದಿನ ಕಾಗದವನ್ನೇ ಹಾಕಿರಲಿಲ್ಲ! ಹಾಕಿದೊಡನೆ ಪ್ರಿಂಟರ್ ಕಿರ್ರೆಂದು ನಮೂನೆ ಹೊರಹಾಕತೊಡಗಿತು. ಪರದೆ ಎಚ್ಚೆತ್ತು, ನಾನು ಗುದ್ದಿದ್ದ ಅಕ್ಷರಗಳನ್ನೆಲ್ಲ ಸಾಲಾಗಿ ಮೂಡಿಸಿತು. "ನೋಡ್ಲೇ," ಎಂದ ಕಾಕಾ, "ಮಾತಾಡಲಿಲ್ಲ ಖರೆ, ನೀ ಗುದ್ದಿದ್ದೆಲ್ಲಾ ನೆಪ್ಪಿಟ್ಟೈತಿ!" ನನ್ನ ನೌಕರಿ ಉಳಿಯಿತು.

ಮರುವರ್ಷ ಕಾಕಾನಿಗೆ ಲಕ್ವಾ ಹೊಡೆಯಿತು. ಬಾಗಲಕೋಟೆಯ ದವಾಖಾನೆಯಲ್ಲಿ ಹತ್ತು ದಿನ ಮಾತಿಲ್ಲ, ಕೈ ಆಡಲಿಲ್ಲ. ಕಣ್ಣು ಮಾತ್ರ ತೆರೆದಿದ್ದವು. ನೋಡಲು ಬಂದವರು ಅವನ ಮುಂದೆಯೇ, "ಮುಗೀತು ಬಿಡ್ರಿ, ಇನ್ನೇನೈತಿ," ಎನ್ನತೊಡಗಿದರು.

"ಸುಮ್ಮನಿರ್ರಿ! ಎಲ್ಲಾ ಕೇಳಸ್ಕೊಳ್ಳಾಕತ್ತಾನ!" ಎಂದು ಕೂಗಿ ಅವರನ್ನು ಹೊರಗೆ ಕಳಿಸಿದೆ. ಐದು ನಿಮಿಷ ಕಾಯಲಾರದ ನಾನು ಅವನ ಕೈ ಹಿಡಿದು ಮಧ್ಯಾಹ್ನವೆಲ್ಲ ಕೂತೆ. ಭಯವಾಗಿತ್ತು. ನನಗೆ ನನ್ನ ಕಾಕಾ ಬೇಕಾಗಿದ್ದ.

ಬಿಸಿಲು ಇಳಿಯುವ ಹೊತ್ತಿಗೆ ತುಟಿ ಅಲುಗಿತು. ಕಿವಿಯಿಟ್ಟೆ.

"ಕಾ... ಗ... ದ..."

ಅವನ ಹೆಂಡತಿ, ನಮ್ಮ ಚಿಗವ್ವ, ಏನೋ ಬರೆಯಲಿಕ್ಕಿದ್ದೀತೆಂದು ಗಡಬಡಿಸಿ ನೋಟುಬುಕ್ಕು ಹುಡುಕತೊಡಗಿದಳು. ನಾನು ನಗುತ್ತ, ಅಳುತ್ತ ಅವನ ಕಿವಿಯಲ್ಲಿ ಹೇಳಿದೆ:

"ಹಾಕೇನಿ ಕಾಕಾ, ಹಾಕೇನಿ. ಅವಸರಿಲ್ಲ, ಸಾವಕಾಶ ಹೇಳು."